ಸಜ್ಜಾದಿಂದ ಬೇಸ್ ಗಿಟಾರ್ ಇಳಿಸಿದ್ದೇನೆ, 19 ವರ್ಷ ಆಗಿತ್ತು. ಮತ್ತೆ ಎಲ್ಲಿಂದ ಶುರು ಮಾಡಲಿ?

ನಾಲ್ಕುತಂತಿ_ಬಳ್ಳಾರಿ · ಏಪ್ರಿಲ್ 13

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯವನು, ವಯಸ್ಸು 47. 1998ರಿಂದ 2006ರವರೆಗೆ ಒಂದು ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ (ನಾಲ್ಕು ದಪ್ಪ ತಂತಿಯ, ಕೆಳದನಿಯ ಗಿಟಾರ್) ನುಡಿಸುತ್ತಿದ್ದೆ. ಗಣೇಶನ ಹಬ್ಬ, ಆರತಕ್ಷತೆ, ಜಾತ್ರೆ ಅಂತ ಸೀಸನ್‌ನಲ್ಲಿ ಮನೆಯಲ್ಲಿ ಮಲಗಿದ್ದೇ ಕಡಿಮೆ. ಸಿರುಗುಪ್ಪ, ಕುರುಗೋಡು, ಸಂಡೂರು, ಕಂಪ್ಲಿ, ಆ ಕಡೆ ಆದೋನಿಯವರೆಗೂ ಟೆಂಪೋದಲ್ಲಿ ಸಾಮಾನು ಹೇರಿಕೊಂಡು ಹೋಗಿ, ಬೆಳಗಿನ ಜಾವ ವಾಪಸ್ ಬರುತ್ತಿದ್ದೆವು.

2006ರಲ್ಲಿ ಅಪ್ಪ ಹಾಸಿಗೆ ಹಿಡಿದರು. ನನಗೆ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಸಿಕ್ಕಿತು. ಅದೇ ಹೊತ್ತಿಗೆ ಆರ್ಕೆಸ್ಟ್ರಾದ ಯಜಮಾನರು "ಇನ್ನು ಮೇಲೆ ಬೇಸ್ ಬೇಡ, ಕೀಬೋರ್ಡಿನವನು ಎಡಗೈಯಲ್ಲೇ ಹಾಕ್ತಾನೆ" ಅಂದರು. ಆ ಮಾತು ನನಗೆ ಬಹಳ ನೋವು ಕೊಟ್ಟಿತ್ತು. ಮನೆಗೆ ಬಂದವನು ಗಿಟಾರನ್ನು ಬ್ಯಾಗಿಗೆ ಹಾಕಿ ಸಜ್ಜಾ ಮೇಲೆ ಇಟ್ಟುಬಿಟ್ಟೆ. ಮತ್ತೆ ಮುಟ್ಟಲಿಲ್ಲ.

ಈ ಸಲ ಯುಗಾದಿಗೆ ಮನೆಗೆ ಬಣ್ಣ ಹೊಡೆಸಿದೆವು. ಸಜ್ಜಾ ಖಾಲಿ ಮಾಡುವಾಗ ಬ್ಯಾಗ್ ಕೆಳಗೆ ಬಂತು. ಜಿಪ್ ಹಿಡಿದುಬಿಟ್ಟಿತ್ತು, ಮೇಣದಬತ್ತಿ ಉಜ್ಜಿ ಎಳೆದೆ. ತಂತಿಗಳೆಲ್ಲ ತುಕ್ಕು. ತಂತಿಗೂ ಹಲಗೆಗೂ ನಡುವೆ ಒಂದು ಪದರ ಕೆಂಪು ಧೂಳು. ಆಗ ನಮ್ಮೂರ ರಸ್ತೆ ತುಂಬಾ ಅದಿರಿನ ಲಾರಿಗಳು ಓಡಾಡುತ್ತಿದ್ದವಲ್ಲ, ಆ ಕಾಲದ ಧೂಳು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಕಾವಿ ಬಣ್ಣಕ್ಕೆ ತಿರುಗಿತು.

ಕರೆಂಟ್‌ಗೆ ಹಾಕದೆ, ಮಂಚದ ಮೇಲೆ ಕೂತು ಸುಮ್ನೆ ಒಂದು ಸಾಲು ಹಿಡಿದೆ. ಬೆರಳು ತಾವಾಗಿಯೇ ಜಾಗಕ್ಕೆ ಹೋದವು! 19 ವರ್ಷ ನೆನಪೇ ಮಾಡಿಕೊಳ್ಳದ ಹಾಡು ಅದು. ಆದರೆ ಮೂರು ನಿಮಿಷಕ್ಕೆ ಬೆರಳ ತುದಿ ಉರಿ ಎದ್ದಿತು. ತಂತಿ ಹಲಗೆಯಿಂದ ಎಷ್ಟು ಮೇಲೆ ನಿಂತಿದೆ ಅಂದರೆ, 12ನೇ ಫ್ರೆಟ್ (ಹಲಗೆಯ ಮೇಲಿನ ಲೋಹದ ಅಡ್ಡಪಟ್ಟಿ) ಹತ್ತಿರ ಕಿರುಬೆರಳು ತೂರುತ್ತದೆ.

ಹಳೇ ಆಂಪ್ (ಗಿಟಾರಿನ ದನಿ ದೊಡ್ಡದು ಮಾಡುವ ಪೆಟ್ಟಿಗೆ) ಕೂಡ ಇದೆ. ಇನ್ನೂ ಆನ್ ಮಾಡಿಲ್ಲ. ಈ ವಾದ್ಯವನ್ನೇ ರಿಪೇರಿ ಮಾಡಿಸಲಾ, ಹೊಸದು ತಗೊಳ್ಳಲಾ? ಕೈಯನ್ನು ಮತ್ತೆ ದಾರಿಗೆ ತರೋದು ಹೇಗೆ? ಹೀಗೆ ಬಿಟ್ಟು ಮತ್ತೆ ಹಿಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಮಗಳಿಗೆ ನಾನು ನುಡಿಸುತ್ತಿದ್ದೆ ಅನ್ನೋದೇ ಗೊತ್ತಿರಲಿಲ್ಲ. ಅದು ನನ್ನನ್ನು ಬಹಳ ಕಾಡುತ್ತಿದೆ.

ಸೋಲ್ಡರ್_ರಾಯಚೂರು · ಏಪ್ರಿಲ್ 13

ಅಣ್ಣಾ, ಮೊದಲು ಒಂದು ಮಾತು. ಆ ಆಂಪನ್ನು ನೇರವಾಗಿ ಪ್ಲಗ್‌ಗೆ ಹಾಕಬೇಡಿ. ನಾನು ಮೂವತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಇಷ್ಟು ವರ್ಷ ಸುಮ್ಮನೆ ಬಿದ್ದಿದ್ದ ಆಂಪ್‌ನಲ್ಲಿ ದೊಡ್ಡ ಕೆಪಾಸಿಟರ್‌ಗಳು (ಕರೆಂಟ್ ಕೂಡಿಟ್ಟುಕೊಳ್ಳುವ ಭಾಗಗಳು) ಒಣಗಿರುತ್ತವೆ. ಒಮ್ಮೆಲೇ 230 ವೋಲ್ಟ್ ಕೊಟ್ಟರೆ ಸಿಡಿಯಬಹುದು. ರೇಡಿಯೋ ರಿಪೇರಿ ಅಂಗಡಿಯಲ್ಲಿ ಸೀರೀಸ್ ಬಲ್ಬ್ ಅಂತ ಇರುತ್ತದೆ. ಹಳೇ ಕಾಲದ 100 ವ್ಯಾಟ್ ಬಲ್ಬು, ಕರೆಂಟ್ ಅದರ ಮೂಲಕ ಹಾದು ಆಂಪ್‌ಗೆ ಹೋಗುತ್ತದೆ. ಆನ್ ಮಾಡಿದಾಗ ಬಲ್ಬ್ ಒಂದು ಕ್ಷಣ ಹೊತ್ತಿ ಮಂಕಾದರೆ ಸರಿ ಇದೆ. ಹಾಗೇ ಜೋರಾಗಿ ಉರಿಯುತ್ತಾ ನಿಂತರೆ ಒಳಗೆ ಶಾರ್ಟ್ ಇದೆ, ತಕ್ಷಣ ತೆಗೆಯಬೇಕು. ನೀವೇ ಬಿಚ್ಚಲು ಹೋಗಬೇಡಿ. ಕೆಪಾಸಿಟರ್ ಕರೆಂಟ್ ತೆಗೆದ ಮೇಲೂ ಹೊಡೆಯುತ್ತದೆ.

ಗಿಟಾರ್ ಬಗ್ಗೆ. ಕಿರುಬೆರಳು ತೂರುತ್ತೆ ಅಂದರೆ ಅದರ ಕುತ್ತಿಗೆ (ಫ್ರೆಟ್‌ಗಳಿರುವ ಉದ್ದನೆ ಭಾಗ) ಮುಂದಕ್ಕೆ ಬಾಗಿದೆ. ಬೇಸ್‌ನ ನಾಲ್ಕು ತಂತಿ ಸೇರಿ ಎಪ್ಪತ್ತು ಎಂಬತ್ತು ಕೆಜಿ ಎಳೆಯುತ್ತವೆ. ಒಂದು ಜೋಳದ ಚೀಲದ ಭಾರ 19 ವರ್ಷ ಆ ಮರವನ್ನು ಎಳೆದಿದೆ ಅಂದುಕೊಳ್ಳಿ. ಕುತ್ತಿಗೆಯೊಳಗೆ ಟ್ರಸ್ ರಾಡ್ ಅಂತ ಕಬ್ಬಿಣದ ಸರಳು ಇದೆ. ಅಲನ್ ಕೀ ಹಾಕಿ ಬಲಕ್ಕೆ ತಿರುಗಿಸಿದರೆ ಕುತ್ತಿಗೆ ಹಿಂದಕ್ಕೆ ಬರುತ್ತದೆ. ಒಂದು ಸಲಕ್ಕೆ ಕಾಲು ಸುತ್ತು, ಅಷ್ಟೇ. ಒಂದು ದಿನ ಬಿಡಿ. ಮರಕ್ಕೆ ಅದರದ್ದೇ ಸಮಯ ಬೇಕು. ಆಮೇಲೆ ಮತ್ತೆ ಕಾಲು ಸುತ್ತು. ಗಟ್ಟಿ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ. ಬಲ ಹಾಕಿದರೆ ಸರಳು ಮುರಿಯುತ್ತದೆ, ಆಮೇಲೆ ಕುತ್ತಿಗೆಯನ್ನೇ ಬದಲಿಸಬೇಕು.

ಎಷ್ಟು ಸಾಕು ಅಂತ ನೋಡೋದು ಹೀಗೆ. ದಪ್ಪ ತಂತಿಯನ್ನು ಮೊದಲನೇ ಫ್ರೆಟ್‌ನಲ್ಲೂ, ಕುತ್ತಿಗೆ ಒಡಲಿಗೆ ಸೇರುವ ಜಾಗದ ಫ್ರೆಟ್‌ನಲ್ಲೂ ಒತ್ತಿ ಹಿಡಿಯಿರಿ. ನಡುವೆ ಏಳೆಂಟನೇ ಫ್ರೆಟ್ ಹತ್ತಿರ ಒಂದು ವಿಸಿಟಿಂಗ್ ಕಾರ್ಡ್ ಸಲೀಸಾಗಿ ಹೋದರೆ ಸಾಕು.

ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತೆ, ಖಂಡಿತ. ಅದಕ್ಕೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಇಪ್ಪತ್ತು ಸಲ ಆ ಕಡೆ ಈ ಕಡೆ ತಿರುಗಿಸಿ. ಸೀಮೆಎಣ್ಣೆ, ಕೊಬ್ಬರಿ ಎಣ್ಣೆ ಬೇಡ. ಹೊಸದು ತಗೊಳ್ಳೋ ವಿಚಾರ ಈಗಲೇ ಮಾಡಬೇಡಿ. ಮರ ಸೀಳಿಲ್ಲ ಅಂದರೆ ಆ ವಾದ್ಯ ನಿಮ್ಮ ಕೈಗೆ ಬಂದೇ ಬರುತ್ತದೆ.

ಕೌಲ್‌ಬಜಾರ್_ತಂತಿ · ಏಪ್ರಿಲ್ 14

ಬ್ರದರ್, ನಾನೂ ಬಳ್ಳಾರಿಯೇ. ಚರ್ಚ್ ಕ್ವಾಯರ್‌ನಲ್ಲಿ ಬೇಸ್ ನುಡಿಸುತ್ತೇನೆ. ಏಳು ವರ್ಷ ಗಲ್ಫ್‌ನಲ್ಲಿದ್ದೆ, ಆಗ ಪೂರ್ತಿ ಬಿಟ್ಟಿದ್ದೆ. ವಾಪಸ್ ಬಂದ ಮೇಲೆ ಮಾಡಿದ ದೊಡ್ಡ ತಪ್ಪು ಹೇಳುತ್ತೇನೆ. ಮೊದಲನೇ ದಿನವೇ ಎರಡು ಗಂಟೆ ನುಡಿಸಿದೆ. ತಲೆಗೆ ಎಲ್ಲ ನೆನಪಿತ್ತು. ಕೈಗೆ ಶಕ್ತಿ ಇರಲಿಲ್ಲ. ಮಾರನೇ ದಿನ ಎಡಗೈ ಹೆಬ್ಬೆರಳ ಬುಡ ಊದಿಕೊಂಡಿತು. ಒಂದು ತಿಂಗಳು ಮತ್ತೆ ಮುಟ್ಟುವ ಹಾಗಿರಲಿಲ್ಲ.

ಹಾಗಾಗಿ ದಿನಕ್ಕೆ ಹದಿನೈದು ನಿಮಿಷ. ಇನ್ನೂ ನುಡಿಸೋಣ ಅನ್ನಿಸುವಾಗಲೇ ಕೆಳಗಿಡಿ. ಬೆರಳ ಚರ್ಮ ಗಟ್ಟಿಯಾಗಲು ಮೂರು ನಾಲ್ಕು ವಾರ ಬೇಕು. ಅದನ್ನು ಅವಸರ ಮಾಡೋಕೆ ಆಗಲ್ಲ.

ಇನ್ನೊಂದು. ಬೇಸ್‌ನಲ್ಲಿ ಕಂಪಿಸುವ ತಂತಿಯ ಮಾಮೂಲಿ ಉದ್ದ 34 ಇಂಚು. ಮೊದಲನೇ ಫ್ರೆಟ್‌ನಿಂದ ನಾಲ್ಕನೇ ಫ್ರೆಟ್‌ಗೆ ಐದು ಇಂಚು ಆಗುತ್ತದೆ. ಮಾಮೂಲಿ ಗಿಟಾರ್‌ನಲ್ಲಿ ಅದು ನಾಲ್ಕು ಇಂಚೂ ಇಲ್ಲ. ಒಂದೊಂದು ಫ್ರೆಟ್‌ಗೆ ಒಂದೊಂದು ಬೆರಳು ಅಂತ ಹಟ ಹಿಡಿದರೆ ಅಂಗೈ ಹರಿದ ಹಾಗಾಗುತ್ತದೆ. ದೊಡ್ಡ ಡಬಲ್ ಬೇಸ್ (ನಿಲ್ಲಿಸಿ ನುಡಿಸುವ ದೊಡ್ಡ ಪಿಟೀಲಿನಂಥ ವಾದ್ಯ) ನುಡಿಸುವವರು ಕೆಳಗಿನ ಸ್ವರಗಳಿಗೆ ಸಾಮಾನ್ಯವಾಗಿ ತೋರು, ನಡು, ಕಿರುಬೆರಳು ಮಾತ್ರ ಬಳಸುತ್ತಾರೆ. ಉಂಗುರ ಬೆರಳು ಕಿರುಬೆರಳಿಗೆ ಆಸರೆ. ಐದನೇ ಫ್ರೆಟ್ ಕೆಳಗೆ ಹಾಗೆ ಹಿಡಿಯಿರಿ, ಮೇಲೆ ಹೋದಂತೆ ನಾಲ್ಕೂ ಬೆರಳು ಬಳಸಿ. ಮಣಿಕಟ್ಟು ಬಗ್ಗಬಾರದು. ಕೂತಾಗ ಗಿಟಾರ್ ಎಷ್ಟು ಎತ್ತರದಲ್ಲಿದೆಯೋ ನಿಂತಾಗಲೂ ಅಷ್ಟೇ ಎತ್ತರಕ್ಕೆ ಬರುವ ಹಾಗೆ ಪಟ್ಟಿ ಕಟ್ಟಿ.

ಕಿನ್ನಾಳ_ಅಕ್ಕ · ಏಪ್ರಿಲ್ 14

ಅಣ್ಣ, ನಿಮ್ಮ ಮಗಳ ಮಾತು ಓದಿ ಕಣ್ಣಲ್ಲಿ ನೀರು ಬಂತು. ನಾನು ಕೊಪ್ಪಳದ ಕಡೆಯವಳು. ಬೆಂಗಳೂರಲ್ಲಿ ಓದುವಾಗ ಕಾಲೇಜ್ ಬ್ಯಾಂಡ್‌ನಲ್ಲಿ ಬೇಸ್ ನುಡಿಸುತ್ತಿದ್ದೆ. ಮದುವೆ, ಇಬ್ಬರು ಮಕ್ಕಳು, 11 ವರ್ಷ ಮುಟ್ಟಲಿಲ್ಲ. ಎರಡು ವರ್ಷದ ಹಿಂದೆ ಮತ್ತೆ ಶುರು ಮಾಡಿದೆ. ಆಗುತ್ತೆ ಅಣ್ಣ. ನಿಜವಾಗಿಯೂ ಆಗುತ್ತೆ.

ನಮ್ಮ ಊರಿನ ಬಿಸಿಲಿನ ಬಗ್ಗೆ ಒಂದು ಹೇಳಬೇಕು. ಏಪ್ರಿಲ್ ಮೇ ತಿಂಗಳಲ್ಲಿ ಗಾಳಿಯಲ್ಲಿ ತೇವವೇ ಇರಲ್ಲ. ಫ್ರೆಟ್‌ಬೋರ್ಡಿನ ಮರ ಕುಗ್ಗುತ್ತದೆ, ಫ್ರೆಟ್ ಲೋಹ ಕುಗ್ಗಲ್ಲ. ಹಾಗಾಗಿ ಫ್ರೆಟ್ ತುದಿಗಳು ಅಂಚಿನಿಂದ ಹೊರಗೆ ಚಾಚಿ ಕೈ ಗೀರುತ್ತವೆ. ನಾನು ಮೊದಲು ಇದು ವಾದ್ಯದ ದೋಷ ಅಂದುಕೊಂಡಿದ್ದೆ. ಪಕ್ಕದ ಬೀದಿಯಲ್ಲಿ ಕಿನ್ನಾಳದ ಮರದ ಗೊಂಬೆ ಮಾಡುವ ಅಜ್ಜ ಒಬ್ಬರಿದ್ದಾರೆ. ಅವರಿಗೆ ತೋರಿಸಿದೆ. ಹೆಬ್ಬೆರಳನ್ನು ಅಂಚಿನುದ್ದಕ್ಕೂ ನಿಧಾನಕ್ಕೆ ಎಳೆದು ನೋಡಿದರು. "ಮರ ಬಾಯಾರೈತವ್ವ" ಅಂದರು. ಅಷ್ಟೇ ವಿಷಯ. ಫ್ರೆಟ್‌ಬೋರ್ಡ್ ಬಣ್ಣ ಹಾಕದ ಕಪ್ಪು ಮರ ಆಗಿದ್ದರೆ, ಅದಕ್ಕೆಂದೇ ಸಿಗುವ ಲೆಮನ್ ಆಯಿಲ್ ನಾಲ್ಕು ಹನಿ ಬಟ್ಟೆಗೆ ಹಾಕಿ ಒರೆಸಿ, ಹತ್ತು ನಿಮಿಷ ಬಿಟ್ಟು ಒಣ ಬಟ್ಟೆಯಲ್ಲಿ ತೆಗೆಯಿರಿ. ಕೂಲರ್ ಎದುರಿಗೂ ಇಡಬೇಡಿ, ಬಿಸಿಲು ಬೀಳುವ ಗೋಡೆಗೂ ಒರಗಿಸಬೇಡಿ. ಬ್ಯಾಗಿನಲ್ಲೇ ಇಡಿ.

ಸೋಲ್ಡರ್ ಅಣ್ಣ ಹೇಳಿದ ಟ್ರಸ್ ರಾಡ್ ಕೆಲಸ ಈಗ ಮಾಡಿದರೂ, ಮಳೆಗಾಲ ಬಂದ ಮೇಲೆ ಇನ್ನೊಮ್ಮೆ ನೋಡಬೇಕಾಗುತ್ತದೆ. ತೇವ ಬಂದರೆ ಕುತ್ತಿಗೆ ಮತ್ತೆ ಆಡುತ್ತದೆ.

ದೋಆಬ್_ಹುಡುಗ · ಏಪ್ರಿಲ್ 16

ಅಣ್ಣ, ತಪ್ಪು ತಿಳ್ಕೋಬೇಡಿ, ಗೊತ್ತಿಲ್ಲದೆ ಕೇಳ್ತಿದ್ದೇನೆ. ನಾನು ಸಿಂಧನೂರಿನವನು, ಕೀಬೋರ್ಡ್ ಕಲಿಯುತ್ತಿದ್ದೇನೆ. ಈಗ ಎಲ್ಲ ಟ್ರ್ಯಾಕ್‌ನಲ್ಲೇ ಬರುತ್ತೆ ಅಲ್ವಾ? ಹಾಡು ಕೇಳುವಾಗ ನನಗೆ ಬೇಸ್ ಗಿಟಾರ್ ಯಾವುದು ಅಂತಲೇ ಗೊತ್ತಾಗಲ್ಲ. ಅದನ್ನೇ ಯಾಕೆ ನುಡಿಸಬೇಕು?

ನಾಲ್ಕುತಂತಿ_ಬಳ್ಳಾರಿ · ಏಪ್ರಿಲ್ 16

ತಮ್ಮಾ, ತಪ್ಪೇನೂ ಇಲ್ಲ. ಒಳ್ಳೇ ಪ್ರಶ್ನೆ ಕೇಳಿದೆ. ನೀನು ಹಾಡು ಕೇಳೋದು ಮೊಬೈಲ್ ಸ್ಪೀಕರ್‌ನಲ್ಲಿ ಅಲ್ವಾ? ಬೇಸ್‌ನ ದಪ್ಪ ಇ ತಂತಿಯನ್ನು ಎಲ್ಲೂ ಒತ್ತದೆ ಮೀಟಿದರೆ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಎ ತಂತಿ 55, ಡಿ 73, ಜಿ 98. ಮೊಬೈಲಿನ ಪುಟ್ಟ ಸ್ಪೀಕರ್‌ಗೆ ಇಷ್ಟು ಕೆಳಗಿನ ಸ್ವರ ಹೊರಡಿಸಲು ಆಗೋದೇ ಇಲ್ಲ. ಮೇಲಿನ ಚೂರುಪಾರು ನಾದ ಹಿಡಿದು ನಿನ್ನ ಕಿವಿಯೇ ಉಳಿದದ್ದನ್ನು ತುಂಬಿಕೊಳ್ಳುತ್ತದೆ. ಒಮ್ಮೆ ಒಳ್ಳೇ ಹೆಡ್‌ಫೋನ್ ಹಾಕಿ ಇಳಯರಾಜ ಅವರ ಎಂಬತ್ತರ ದಶಕದ ಯಾವುದಾದರೂ ಹಾಡು ಕೇಳು. ಹಾಡುವವರನ್ನು ಬಿಟ್ಟು, ಕೆಳಗೆ ಒಂದು ದನಿ ನಡೆದುಕೊಂಡು ಹೋಗುತ್ತಿರುತ್ತದಲ್ಲ, ಅದನ್ನು ಹಿಂಬಾಲಿಸು. ಅದು ಬರೀ ತಾಳ ಅಲ್ಲ. ಅದೇ ಇನ್ನೊಂದು ಹಾಡು.

ನಾನು ಮೊದಲು ತಬಲಾ ಕಲಿಯೋಕೆ ಹೋಗಿದ್ದವನು. ಒಂದು ಸಲ ಮೋತಿ ಸರ್ಕಲ್ ಹತ್ತಿರದ ಗಣೇಶನ ಪೆಂಡಾಲ್‌ನಲ್ಲಿ ಆರ್ಕೆಸ್ಟ್ರಾ ಇತ್ತು. ಜನ ಜಾಸ್ತಿ ಇದ್ದರು ಅಂತ ಸ್ಟೇಜಿನ ಪಕ್ಕದ ಹಲಗೆಗೆ ಎದೆ ಒತ್ತಿ ನಿಂತಿದ್ದೆ. ಹಾಡು ಶುರುವಾದಾಗ ಆ ಹಲಗೆಯಿಂದ ನನ್ನ ಪಕ್ಕೆಲುಬಿಗೆ ಏನೋ ಬಂತು. ಕಿವಿಗಿಂತ ಮೊದಲು ಮೈಗೆ ಗೊತ್ತಾಯಿತು. ಯಾವ ವಾದ್ಯ ಅಂತ ಹುಡುಕಿದೆ. ಹಿಂದುಗಡೆ, ಲೈಟ್ ಬೀಳದ ಜಾಗದಲ್ಲಿ ಒಬ್ಬರು ಸುಮ್ನೆ ನಿಂತು ನಾಲ್ಕು ತಂತಿ ಮೀಟುತ್ತಿದ್ದರು. ಅವತ್ತೇ ನಿರ್ಧಾರ ಮಾಡಿದೆ.

ಕೀಬೋರ್ಡಿನಲ್ಲೂ ಆ ಸ್ವರ ಬರುತ್ತದೆ, ಸುಳ್ಳಲ್ಲ. ಆದರೆ ಬೇಸ್‌ನಲ್ಲಿ ಸ್ವರ ಎಲ್ಲಿ ಶುರುವಾಗಬೇಕು ಅನ್ನೋದರಷ್ಟೇ ಎಲ್ಲಿ ನಿಲ್ಲಬೇಕು ಅನ್ನೋದೂ ಕೈಯಲ್ಲಿರುತ್ತದೆ. ಢೋಲಕ್‌ನವನು ಕೈ ಎತ್ತುವ ಹೊತ್ತಿಗೆ ಸರಿಯಾಗಿ ನೀನು ತಂತಿಯನ್ನು ಅಂಗೈಯಲ್ಲಿ ಮುಚ್ಚಿದರೆ, ಅಲ್ಲಿ ಒಂದು ಖಾಲಿ ಜಾಗ ಆಗುತ್ತದೆ. ಹಾಡುವವರು ಉಸಿರು ತಗೊಳ್ಳೋದು ಆ ಜಾಗದಲ್ಲಿ. ಅದನ್ನು ಯಾವ ಟ್ರ್ಯಾಕೂ ಅವತ್ತಿನ ಹಾಡುಗಾರನ ಉಸಿರು ನೋಡಿಕೊಂಡು ಮಾಡಲ್ಲ.

ದೋಆಬ್_ಹುಡುಗ · ಏಪ್ರಿಲ್ 17

ರಾತ್ರಿ ಹೆಡ್‌ಫೋನ್ ಹಾಕಿ ಕೇಳಿದೆ ಅಣ್ಣ. ಇಷ್ಟು ದಿನ ಕೇಳಿದ ಹಾಡಲ್ಲಿ ಇದು ಇತ್ತಾ ಅನ್ನಿಸಿತು. ನಾಲ್ಕು ಸಲ ಅದೇ ಹಾಡು ಹಾಕಿದೆ.

ನಾಲ್ಕುತಂತಿ_ಬಳ್ಳಾರಿ · ಮೇ 4

ಇವತ್ತಿನವರೆಗಿನ ಸುದ್ದಿ. ಆಂಪನ್ನು ಪರಿಚಯದ ರೇಡಿಯೋ ರಿಪೇರಿಯವರ ಹತ್ತಿರ ಒಯ್ದೆ. ಸೀರೀಸ್ ಬಲ್ಬ್ ಜೋರಾಗಿ ಉರಿಯುತ್ತಲೇ ನಿಂತಿತು. ಒಳಗೆ ನೋಡಿದರೆ ಎರಡು ಕೆಪಾಸಿಟರ್ ತಲೆ ಉಬ್ಬಿದ್ದವು. ಬದಲಿಸಿದರು. ಸೋಲ್ಡರ್ ಅಣ್ಣ, ನೀವು ಹೇಳದಿದ್ದರೆ ಅವತ್ತೇ ಪ್ಲಗ್‌ಗೆ ಹಾಕುತ್ತಿದ್ದೆ. ನಿಮಗೆ ಕೈ ಮುಗಿಯುತ್ತೇನೆ.

ಟ್ರಸ್ ರಾಡ್ ಆರು ದಿನದಲ್ಲಿ ಮೂರು ಸಲ ಕಾಲು ಕಾಲು ಸುತ್ತು ತಿರುಗಿಸಿದೆ. ಮೊದಲನೇ ಸಲ ಅಲನ್ ಕೀ ಹಾಕಿದಾಗ ಒಳಗಿಂದ ಟಕ್ ಅಂತ ಸದ್ದು ಬಂತು. ಎದೆ ನಿಂತೇ ಹೋಯಿತು. ಆದರೆ ಅದು ವರ್ಷಗಳಿಂದ ಹಿಡಿದಿದ್ದ ನಟ್ಟು ಬಿಟ್ಟುಕೊಂಡ ಸದ್ದು. ಈಗ ವಿಸಿಟಿಂಗ್ ಕಾರ್ಡ್ ತೂರುವಷ್ಟೇ ಸಂದು ಇದೆ.

ಈಗ ತಂತಿಯ ಪ್ರಶ್ನೆ. ಹಳೇ ತಂತಿ ನೀರಲ್ಲಿ ಕುದಿಸಿದರೆ ಮತ್ತೆ ದನಿ ಬರುತ್ತೆ ಅಂತ ಆಗ ನಾವು ಮಾಡುತ್ತಿದ್ದೆವು. ಈಗಲೂ ಮಾಡಬಹುದಾ? ಹೊಸದಾದರೆ ಯಾವ ಥರದ್ದು?

ಕೌಲ್‌ಬಜಾರ್_ತಂತಿ · ಮೇ 4

ಕುದಿಸೋದು ಬೆವರು, ಜಿಡ್ಡು ಹಿಡಿದ ತಂತಿಗೆ. ಸುತ್ತಿನ ಸಂದಿಯ ಕೊಳೆ ಹೋಗಿ ನಾಲ್ಕು ದಿನ ಹೊಸದರಂತೆ ಇರುತ್ತದೆ. ತುಕ್ಕು ಹಿಡಿದದ್ದಕ್ಕೆ ಅಲ್ಲ. ತುಕ್ಕು ತಂತಿ ಫ್ರೆಟ್ ಸವೆಸುತ್ತದೆ, ಬೆರಳು ಕೊಯ್ಯುತ್ತದೆ. ಬಿಸಾಕಿ. ಹೊಸದು ರೌಂಡ್‌ವೌಂಡ್ (ಮೇಲೆ ದುಂಡು ಸರಿಗೆ ಸುತ್ತಿದ್ದು) ಹಾಕಿ, ದಪ್ಪ ಇಂಚಿನ ಸಾವಿರದ ಭಾಗದ ಲೆಕ್ಕದಲ್ಲಿ 45ರಿಂದ 105ರದ್ದು. ದನಿ ಖಡಕ್ ಆಗಿರುತ್ತದೆ, ಎಷ್ಟೇ ವಾದ್ಯ ಇದ್ದರೂ ಎದ್ದು ಕೇಳುತ್ತದೆ.

ಕಿನ್ನಾಳ_ಅಕ್ಕ · ಮೇ 5

ನಾನು ಒಪ್ಪಲ್ಲ ಅಣ್ಣ. ವಾಪಸ್ ಬರುತ್ತಿರುವವರಿಗೆ ಫ್ಲಾಟ್‌ವೌಂಡ್ ಒಳ್ಳೇದು. ಮೇಲೆ ಸುತ್ತಿರೋದು ಚಪ್ಪಟೆ ಪಟ್ಟಿ, ಹಾಗಾಗಿ ಬೆರಳು ಜಾರುತ್ತದೆ, ಉರಿಯಲ್ಲ. ಕೀಚ್ ಅನ್ನೋ ಸದ್ದಿಲ್ಲ. ಬೆಲೆ ಜಾಸ್ತಿ, ನಿಜ. ಆದರೆ ವರ್ಷಗಟ್ಟಲೆ ಬರುತ್ತದೆ. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಮೋಟೌನ್ ಕಂಪನಿಯ ರೆಕಾರ್ಡ್‌ಗಳಿಗೆ ನುಡಿಸಿದ ಜೇಮ್ಸ್ ಜೇಮರ್ಸನ್ ಫ್ಲಾಟ್‌ವೌಂಡ್ ಹಾಕಿದ್ದರು, ತಂತಿ ಬದಲಿಸುತ್ತಲೇ ಇರಲಿಲ್ಲ. ಬಲಗೈಯ ತೋರುಬೆರಳು ಒಂದರಿಂದಲೇ ಅಷ್ಟೂ ನುಡಿಸಿದರು. ಅವರ ದನಿ ಕೇಳಿದರೆ ಬೇಸ್‌ಗೆ ಖಡಕ್‌ತನವೇ ಬೇಕು ಅಂತ ಅನ್ನಿಸಲ್ಲ.

ಇನ್ನೊಬ್ಬರ ಮಾತು ಬರೆಯಲೇಬೇಕು. ಕ್ಯಾರೊಲ್ ಕೇ. ಲಾಸ್ ಏಂಜಲೀಸ್‌ನಲ್ಲಿ ಗಿಟಾರ್ ನುಡಿಸುತ್ತಿದ್ದರು. 1963ರಲ್ಲಿ ಒಂದು ರೆಕಾರ್ಡಿಂಗ್‌ಗೆ ಬೇಸ್‌ನವರು ಬರಲಿಲ್ಲ ಅಂತ ಇವರು ಬೇಸ್ ಎತ್ತಿಕೊಂಡರು. ಆಮೇಲೆ ಅದೇ ಅವರ ವಾದ್ಯ ಆಯಿತು. ಮನೆಯಲ್ಲಿ ಮಕ್ಕಳನ್ನು ಸಾಕುತ್ತಾ ಸ್ಟುಡಿಯೋ ಕೆಲಸ ಮಾಡಿದವರು. ನಾನು ಮತ್ತೆ ಶುರು ಮಾಡುವಾಗ ಅವರನ್ನೇ ನೆನೆಯುತ್ತಿದ್ದೆ.

ನಾಲ್ಕುತಂತಿ_ಬಳ್ಳಾರಿ · ಮೇ 11

ಫ್ಲಾಟ್‌ವೌಂಡ್ ತರಿಸಿದೆ. ಅಕ್ಕ ಹೇಳಿದ್ದು ಸರಿ, ಬೆರಳು ಉಳಿಯಿತು. ಆದರೆ ಹಾಕಿದ ಮೇಲೆ ಸ್ವರ ಕೂಡುತ್ತಿಲ್ಲ. ಒತ್ತದೆ ಮೀಟಿದರೆ ತಂತಿ ಸರಿ ಇದೆ, ಮೇಲಿನ ಫ್ರೆಟ್‌ಗಳಿಗೆ ಹೋದಂತೆ ಸ್ವರ ಇರಬೇಕಾದ್ದಕ್ಕಿಂತ ಏರುತ್ತಿದೆ.

ಸೋಲ್ಡರ್_ರಾಯಚೂರು · ಮೇ 11

ತಂತಿಯ ಥರ ಬದಲಾಯಿತು, ಹಾಗಾಗಿ ಬ್ರಿಡ್ಜ್ (ಒಡಲಿನ ಮೇಲೆ ತಂತಿ ಹಿಡಿದಿರುವ ಲೋಹದ ಭಾಗ) ಸರಿಪಡಿಸಬೇಕು. 12ನೇ ಫ್ರೆಟ್‌ನ ಮೇಲೆ ಬೆರಳು ಬರೀ ತಾಗಿಸಿ ಮೀಟಿದರೆ ಗಂಟೆಯಂಥ ದನಿ ಬರುತ್ತದೆ. ಅದೇ ಫ್ರೆಟ್ ಒತ್ತಿ ಮೀಟಿ. ಎರಡೂ ಒಂದೇ ಆಗಿರಬೇಕು. ಒತ್ತಿದಾಗ ಸ್ವರ ಮೇಲಿದ್ದರೆ ಬ್ರಿಡ್ಜಿನಲ್ಲಿ ಆ ತಂತಿ ಕೂರುವ ಚಿಕ್ಕ ತುಂಡು, ಅಂದರೆ ಸ್ಯಾಡಲ್‌ನ ಸ್ಕ್ರೂ ತಿರುಗಿಸಿ ಹಿಂದಕ್ಕೆ ಎಳೆಯಿರಿ. ತಂತಿ ಉದ್ದವಾಗಬೇಕು. ಕೆಳಗಿದ್ದರೆ ಮುಂದಕ್ಕೆ ತಳ್ಳಿ. ಪ್ರತಿ ಸಲವೂ ಶ್ರುತಿ ಮಾಡಿಕೊಂಡೇ ನೋಡಿ. ನಾಲ್ಕು ತಂತಿಗೂ ಒಂದು ಸಂಜೆ ಬೇಕು.

ನಾಲ್ಕುತಂತಿ_ಬಳ್ಳಾರಿ · ಜೂನ್ 8

ಎಂಟು ವಾರ ಆಯಿತು. ಶಿಫ್ಟ್ ಮುಗಿಸಿ ಬಂದು ದಿನಾ ಹದಿನೈದು ನಿಮಿಷದಿಂದ ಶುರು ಮಾಡಿ ಈಗ ನಲವತ್ತಕ್ಕೆ ಬಂದಿದ್ದೇನೆ. ಮೆಟ್ರೊನೋಮ್ (ಲಯ ಬಡಿಯುವ ಯಂತ್ರ) ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು ಒಂದೇ ಸ್ವರ ಹತ್ತು ನಿಮಿಷ ನುಡಿಸುತ್ತೇನೆ. ಹಳೇ ದಿನಗಳಲ್ಲಿ ಇದನ್ನು ಮಾಡಿರಲೇ ಇಲ್ಲ. ಆಗ ವೇಗವೇ ಮುಖ್ಯ ಅಂದುಕೊಂಡಿದ್ದೆ. ನಿಧಾನಕ್ಕೆ ಹೋದಾಗ ನನ್ನ ತೋರುಬೆರಳು ಜೋರಾಗಿ, ನಡುಬೆರಳು ಮೆತ್ತಗೆ ಮೀಟುವುದು ಈಗ ಕಿವಿಗೆ ಬೀಳುತ್ತಿದೆ. 19 ವರ್ಷದ ಹಿಂದೆಯೂ ಹಾಗೇ ಇತ್ತೇನೋ, ಯಾರಿಗೆ ಗೊತ್ತು.

ನಮ್ಮ ಕೋಣೆ ಹತ್ತಡಿ ಹನ್ನೆರಡಡಿ. ಒಂದು ವಿಚಿತ್ರ ಕಂಡೆ. ಮೂಲೆಯಲ್ಲಿ ಆಂಪ್ ಇಟ್ಟರೆ ಕೆಲವು ಸ್ವರ ಗುಂಯ್ ಅಂತ ತುಂಬಿಕೊಳ್ಳುತ್ತವೆ, ಕೆಲವು ಕಾಣೆ. ನಡುವೆ ತಂದರೆ ಬೇರೆಯೇ.

ಮುಖ್ಯ ಪ್ರಶ್ನೆ ಬೇರೆ. ಒಬ್ಬನೇ ಕೂತು ನುಡಿಸಿದರೆ ಬೇಸ್ ಅರ್ಧವೇ. ನನ್ನ ಹಳೇ ಜೊತೆಗಾರರಲ್ಲಿ ಇಬ್ಬರು ಊರು ಬಿಟ್ಟಿದ್ದಾರೆ. ಡ್ರಮ್ಸ್ ನುಡಿಸುತ್ತಿದ್ದ ಗೆಳೆಯ ಈಗಿಲ್ಲ. ಅವನು ಕಾಲಲ್ಲಿ ಹೊಡೆಯುವ ಆ ಕಿಕ್ ಡ್ರಮ್ ಜೊತೆಗೇ ನನ್ನ ಕೈ ಕಲಿತದ್ದು. ಎಷ್ಟೋ ಸಲ ಹಾಡಿನ ಮಧ್ಯೆ ಇನ್ನೂ ಅವನಿಗೆ ಕಾಯುತ್ತೇನೆ. ಯಾರ ಜೊತೆ ನುಡಿಸಲಿ?

ಕೌಲ್‌ಬಜಾರ್_ತಂತಿ · ಜೂನ್ 8

ಮೂಲೆ ವಿಷಯ ನಿಜ ಬ್ರದರ್. ದಪ್ಪ ಇ ಸ್ವರದ ಒಂದು ಅಲೆ ಗಾಳಿಯಲ್ಲಿ ಎಂಟು ಮೀಟರ್‌ಗೂ ಉದ್ದ. ನಿಮ್ಮ ಕೋಣೆಯೇ ಅದರ ಅರ್ಧ ಇಲ್ಲ. ಗೋಡೆಗೆ ಬಡಿದು ಬಡಿದು ಬರುತ್ತದೆ. ಗೋಡೆಯಿಂದ ಎರಡಡಿ ದೂರ, ನೆಲದಿಂದ ಒಂದು ಸ್ಟೂಲ್ ಎತ್ತರಕ್ಕೆ ಇಡಿ.

ಗೆಳೆಯನ ವಿಷಯ ಓದಿ ಸುಮ್ಮನೆ ಕೂತೆ. ನಮ್ಮ ಅಭ್ಯಾಸ ಶನಿವಾರ ಸಂಜೆ. ಬಂದು ಕೂತು ಕೇಳಿ, ಮನಸ್ಸಾದರೆ ನುಡಿಸಿ. ಎರಡು ಬೇಸ್ ಇದ್ದರೆ ಯಾರೂ ಬೇಡ ಅನ್ನಲ್ಲ.

ಸೋಲ್ಡರ್_ರಾಯಚೂರು · ಜೂನ್ 9

ಅಣ್ಣಾ, ನಮ್ಮ ಕಡೆ ಜೊತೆಗೆ ಜನ ಇಲ್ಲ ಅನ್ನಬೇಡಿ. ಊರಿಗೊಂದು ಭಜನೆ ಮಂಡಳಿ ಇದೆ. ಹಾರ್ಮೋನಿಯಂ, ತಬಲಾ ಅಥವಾ ಢೋಲಕ್, ತಾಳ, ದಮ್ಮಡಿ ಎಲ್ಲ ಇರುತ್ತದೆ. ಕೆಳಗಿನ ದನಿ ಮಾತ್ರ ಇರಲ್ಲ. ಶ್ರಾವಣ ಬಂದರೆ ತಿಂಗಳು ಪೂರ್ತಿ ರಾತ್ರಿ ಭಜನೆ. ನಮ್ಮ ರಾಯಚೂರು ವಿಜಯದಾಸರು, ಜಗನ್ನಾಥದಾಸರು ಓಡಾಡಿದ ನೆಲ. ತತ್ವಪದದವರ ಏಕತಾರಿ ಮಾಡುವ ಕೆಲಸವೇ ನಿಮ್ಮ ದಪ್ಪ ತಂತಿಯದ್ದೂ ಅಲ್ವಾ? ಒಮ್ಮೆ ಹೋಗಿ ಕೇಳಿ ನೋಡಿ.

ನಾಲ್ಕುತಂತಿ_ಬಳ್ಳಾರಿ · ಜುಲೈ 6

ಶನಿವಾರ ಚರ್ಚಿನ ಅಭ್ಯಾಸಕ್ಕೆ ಮೂರು ವಾರ ಹೋದೆ. ಕೌಲ್‌ಬಜಾರ್ ಬ್ರದರ್ ತಮ್ಮ ಕುರ್ಚಿಯನ್ನೇ ನನಗೆ ಬಿಟ್ಟುಕೊಟ್ಟರು. ಆ ಋಣ ನನ್ನ ಮೇಲಿದೆ. ಬೇರೆಯವರ ಜೊತೆ ನುಡಿಸಿದ ಮೊದಲ ಹತ್ತು ನಿಮಿಷದಲ್ಲಿ ನಾನು ಎಂಟು ವಾರದಲ್ಲಿ ಕಲಿಯದ್ದನ್ನು ಕಲಿತೆ.

ಆಮೇಲೆ ಸಿರುಗುಪ್ಪ ಕಡೆ ನಮ್ಮ ಅತ್ತೆ ಊರಿನ ಹನುಮಪ್ಪನ ಗುಡಿಯ ಭಜನೆ ಮಂಡಳಿಯವರನ್ನು ಕೇಳಿದೆ. ಹಾರ್ಮೋನಿಯಂ ನುಡಿಸುವ ಹಿರಿಯರು ಗಿಟಾರ್ ನೋಡಿ, "ತಂಬೂರಿ ಥರಾ ಕೆಳಗಿನ ಸಾ ಹಿಡಿತೀಯೇನಪ್ಪ?" ಅಂತ ಕೇಳಿದರು. ಹೂಂ ಅಂದೆ. "ಹಂಗಾದ್ರ ಬಾ" ಅಂದರು.

ಆದರೆ ಅಲ್ಲಿ ನನಗೆ ಗೊತ್ತಿದ್ದ ಭಾಷೆ ನಡೆಯಲಿಲ್ಲ. ಅವರು "ಕಾಳಿ ಒಂದು" ಅನ್ನುತ್ತಾರೆ. ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆ, ಸಿ ಶಾರ್ಪ್. ಕಾಳಿ ಎರಡು ಡಿ ಶಾರ್ಪ್, ಬಿಳಿ ಒಂದು ಸಿ. ಮನೆಗೆ ಬಂದು ಕೂತು ಲೆಕ್ಕ ಹಾಕಿದೆ. ಕಾಳಿ ಒಂದರ ಸಾ ಎ ತಂತಿಯ ನಾಲ್ಕನೇ ಫ್ರೆಟ್. ಕಾಳಿ ಎರಡು ಆರನೇ ಫ್ರೆಟ್. ಅದರ ಜೊತೆಗೆ ಒಂದು ಚೆಂದದ ವಿಷಯ ಕಂಡಿತು. ಸಾ ಇರುವ ಫ್ರೆಟ್‌ನ ಸಾಲಿನಲ್ಲೇ ಪಕ್ಕದ ದಪ್ಪ ತಂತಿ ಒತ್ತಿದರೆ ಕೆಳಗಿನ ಪಂಚಮ, ಪಕ್ಕದ ತೆಳು ತಂತಿ ಒತ್ತಿದರೆ ಮಧ್ಯಮ. ಕೈ ಜರುಗಿಸುವುದೇ ಬೇಡ. ಬೆರಳು ಮೇಲೆ ಕೆಳಗೆ ಹೋದರೆ ಸಾ, ಪ, ಮ ಮೂರೂ ಸಿಗುತ್ತವೆ.

ಇನ್ನೊಂದು, ಅವರ ಹಾರ್ಮೋನಿಯಂ ಹಳೆಯದು. ಮೊಬೈಲ್ ಟ್ಯೂನರ್ ತೋರಿಸುವ ಸ್ವರಕ್ಕಿಂತ ಚೂರು ಕೆಳಗಿದೆ. ಅದನ್ನು ಬದಲಿಸೋಕೆ ಆಗಲ್ಲ, ಹಾಗಾಗಿ ಟ್ಯೂನರ್ ಮುಚ್ಚಿಟ್ಟು, ಹಾರ್ಮೋನಿಯಂಗೆ ಕಿವಿ ಕೊಟ್ಟು ನಾಲ್ಕು ತಂತಿಯನ್ನೂ ಇಳಿಸಿದೆ.

ದೋಆಬ್_ಹುಡುಗ · ಜುಲೈ 6

ಸಾ, ಪ, ಮ ವಿಷಯ ಬರೆದಿಟ್ಟುಕೊಂಡೆ ಅಣ್ಣ. ನಾನು ಕೀಬೋರ್ಡಲ್ಲಿ ಪ್ರತಿ ಶ್ರುತಿಗೂ ಬೇರೆ ಬೇರೆ ಮನೆ ನೆನಪಿಟ್ಟುಕೊಳ್ಳಬೇಕು. ಬೇಸ್‌ನಲ್ಲಿ ಆಕಾರ ಒಂದೇ, ಜಾಗ ಮಾತ್ರ ಬೇರೆ ಅಲ್ವಾ?

ಕಿನ್ನಾಳ_ಅಕ್ಕ · ಜುಲೈ 7

ಹೌದು ತಮ್ಮಾ, ತಂತಿಗಳ ನಡುವಿನ ಅಂತರ ಎಲ್ಲ ಕಡೆ ಒಂದೇ ಆಗಿರೋದರಿಂದ ಹಾಗೆ. ಅಣ್ಣ, ಆಂಪ್ ಗುಡಿಗೆ ಒಯ್ಯುವಾಗ ಅರ್ಥಿಂಗ್ ನೋಡಿಕೊಳ್ಳಿ. ಗುಡಿ, ಪೆಂಡಾಲ್‌ಗಳಲ್ಲಿ ಎರಡು ಪಿನ್ ವೈರ್ ಎಳೆದಿರುತ್ತಾರೆ. ಗಿಟಾರ್ ತಂತಿ ಲೋಹ, ಮೈಕೂ ಲೋಹ. ಮಳೆಗಾಲ ಬೇರೆ. ಟೆಸ್ಟರ್ ಇಟ್ಟು ನೋಡದೆ ಮುಟ್ಟಬೇಡಿ. ನಾನು ಇದೊಂದು ವಿಷಯದಲ್ಲಿ ಯಾರ ಮಾತೂ ಕೇಳಲ್ಲ.

ನಾಲ್ಕುತಂತಿ_ಬಳ್ಳಾರಿ · ಆಗಸ್ಟ್ 3

ನಿನ್ನೆ ಶ್ರಾವಣ ಶನಿವಾರ. ರಾತ್ರಿ ಒಂಬತ್ತಕ್ಕೆ ಕೂತೆವು, ಎದ್ದಾಗ ಒಂದೂವರೆ. ಟೆಸ್ಟರ್ ಇಟ್ಟು ನೋಡಿಯೇ ಪ್ಲಗ್ ಹಾಕಿದೆ ಅಕ್ಕ. ಗುಡಿಯ ಮೂರನೇ ಪಿನ್ ಖಾಲಿ ಇತ್ತು. ಪೂಜಾರಿಯವರ ಮನೆಯಿಂದ ವೈರ್ ಎಳೆದರು.

ಮೊದಲ ಪದಗಳೆಲ್ಲ ಚೆನ್ನಾಗಿ ಹೋದವು. ಎಂಟು ಮಾತ್ರೆಯ (ಎಣಿಕೆಯ) ಠೇಕಾ, ಅಂದರೆ ತಾಳದ ನಡೆ. ಒಂದನೇ ಮಾತ್ರೆಗೆ ಸಾ, ಐದಕ್ಕೆ ಪಂಚಮ. ಅಷ್ಟೇ ನುಡಿಸಿದೆ, ಬೇರೇನೂ ಮಾಡಲಿಲ್ಲ. ಹನ್ನೊಂದರ ಸುಮಾರಿಗೆ ಹಿರಿಯರು ಮಾಲಕಂಸ ರಾಗದಲ್ಲಿ ಒಂದು ಪದ ಎತ್ತಿಕೊಂಡರು. ನಾನು ಅದೇ ಸಾ, ಅದೇ ಪಂಚಮ. ಎರಡನೇ ಆವರ್ತಕ್ಕೆ ಅವರು ಹಾರ್ಮೋನಿಯಂ ನಿಲ್ಲಿಸದೆ, ಹಾಡು ನಿಲ್ಲಿಸದೆ, ನನ್ನ ಕಡೆ ತಿರುಗಿ ಬರೀ ತಲೆ ಅಲ್ಲಾಡಿಸಿದರು. ತಕ್ಷಣ ಹೊಳೆಯಿತು. ಮಾಲಕಂಸದಲ್ಲಿ ಪಂಚಮವೇ ಇಲ್ಲ! ತಂಬೂರಿಯನ್ನೂ ಅದಕ್ಕೆ ಮಧ್ಯಮಕ್ಕೆ ಶ್ರುತಿ ಮಾಡುತ್ತಾರೆ. ದಪ್ಪ ತಂತಿ ಬಿಟ್ಟು ಬೆರಳನ್ನು ತೆಳು ತಂತಿಗೆ ತಂದೆ. ಸಾ, ಮ. ಆ ಮಧ್ಯಮ ಬಿದ್ದ ಕೂಡಲೇ ಇಡೀ ಪದ ಕೂತುಕೊಂಡಿತು. ಹಿರಿಯರು ಕಣ್ಣು ಮುಚ್ಚಿಕೊಂಡರು. ಢೋಲಕ್ ಹುಡುಗ, ಇಪ್ಪತ್ತು ವರ್ಷದವನಿರಬೇಕು, ನನ್ನ ಬಲಗೈಯನ್ನೇ ನೋಡುತ್ತಾ ಎಡಗೈ ಏಟು ಹಾಕತೊಡಗಿದ. ಅವನ ಏಟು, ನನ್ನ ತಂತಿ ಎರಡೂ ಒಂದೇ ಸದ್ದಾಗಿ ಬರುತ್ತಿತ್ತು. ನಾನು ಯಾರಿಗೂ ಕಾಯುತ್ತಿರಲಿಲ್ಲ ಅನ್ನೋದು ಆಮೇಲೆ ಗೊತ್ತಾಯಿತು.

ಮಗಳು ಕಂಬಕ್ಕೆ ಒರಗಿ ಕೂತಿದ್ದಳು. ಮನೆಗೆ ಬರುವಾಗ ಬೈಕ್‌ನಲ್ಲಿ ಹಿಂದಿನಿಂದ, "ಅಪ್ಪಾ, ಕಂಬ ನಡುಗ್ತಿತ್ತು, ಬೆನ್ನಿಗೆ ಗೊತ್ತಾಗ್ತಿತ್ತು" ಅಂದಳು.

ಕುತ್ತಿಗೆ ಮಳೆಗೆ ಸ್ವಲ್ಪ ಆಡಿದೆ, ಸೋಲ್ಡರ್ ಅಣ್ಣ. ಈ ವಾರ ಮತ್ತೆ ಕಾರ್ಡ್ ಇಟ್ಟು ನೋಡುತ್ತೇನೆ. ಮುಂದಿನ ಶನಿವಾರ ಹಾಡೋದು ಬೇರೆಯವರು, ಅವರ ಶ್ರುತಿ ಕಾಳಿ ಎರಡಂತೆ. ಎ ತಂತಿ, ಆರನೇ ಫ್ರೆಟ್.

ಸೋಲ್ಡರ್_ರಾಯಚೂರು · ಆಗಸ್ಟ್ 3

ಕಾಲು ಸುತ್ತು ಅಣ್ಣಾ. ಅದಕ್ಕಿಂತ ಜಾಸ್ತಿ ಬೇಡ. ಮುಂದಿನ ಶನಿವಾರ ನಾನೂ ಬರುತ್ತೇನೆ, ಊರಿನ ಹೆಸರು ಮೆಸೇಜ್ ಮಾಡಿ.